ನೀಲವ್ವನ ಕಾಫಿ

ನಾಶಿಕದ ಆ ಪುಟ್ಟ ಕಾಫಿ ಅಂಗಡಿಗೆ ಕಲಬುರಗಿ ಕಡೆಯ ನಿವೃತ್ತ ಗುಮಾಸ್ತ ಗುರುಲಿಂಗಪ್ಪನವರು ದಿನಾ ಬರುತ್ತಾರೆ, “ಹಾಲಿಲ್ಲ, ಸಕ್ಕರಿ ಇಲ್ಲ, ಇದೇನು ಕಾಫಿ ಏನ್ರಿ, ಕಷಾಯ!” ಎಂದು ನಾಲ್ಕೂ ಮೇಜಿಗೆ ಕೇಳುವಂತೆ ಬೈದು, ಕೊನೆಯ ಹನಿಯನ್ನೂ ಬಿಡದೆ ಕುಡಿಯುತ್ತಾರೆ. ಕಾಫಿ ಹಣ್ಣು ಕೊಯ್ದ ಹೆಂಗಸಿನ ಹೆಸರನ್ನು ಹಲಗೆಯ ಮೇಲೆ ಬರೆಯುವುದು ಅಲ್ಲಿಯ ರೂಢಿ, ಅದನ್ನು ಗಟ್ಟಿಯಾಗಿ ಓದದೆ ಲೋಟ ಮುಟ್ಟದಿರುವುದು ಇವರ ರೂಢಿ. ಮೊನ್ನೆ ಅಂಗಡಿಯ ಒಡತಿ ನಿಶ್ಮಿತಾ ‘ನೀಲಾ’ ಎಂದು ಬರೆದಿದ್ದಳು. “ಕಾಫಿ ಚೀಲದ ಮ್ಯಾಲ ನೀಲವ್ವ ಅಂತ ಅದ ಅಲ್ಲ ಬೇಟಾ, ಅವ್ವನ್ನ ಎಲ್ಲಿ ಬಿಟ್ಟಿ?” “ಶಾರ್ಟ್ ಇದ್ರೆ ಚಂದ ಅಂಕಲ್,” ಎಂದಳು ಅವಳು. ಗುರುಲಿಂಗಪ್ಪನವರು ತಾವೇ ಎದ್ದು ‘ಅವ್ವ’ ಸೇರಿಸಿ, ಸೀಮೆಸುಣ್ಣದ ಕೈಯಲ್ಲೇ ಲೋಟ ಎತ್ತಿದರು. ಗೌಡರ ಹೊಲದಲ್ಲಿ ನಲವತ್ತು ವರ್ಷ ಹತ್ತಿ ಬಿಡಿಸಿದ ಅವರ ಅವ್ವ ಅಲ್ಲಿಯವರ ಬಾಯಲ್ಲಿ ಕೊನೆಯವರೆಗೂ ಬರೀ ‘ಹೆಣ್ಣಾಳು’.