ಮಾದೇವಮ್ಮನ ಪಾಲಿಗೆ ಬಂದ ಫಾಲ್ಟ್

ಯಳಂದೂರಿಂದ ಕೊಳ್ಳೇಗಾಲಕ್ಕೆ ಹೋಗುವ ದಾರಿಯ ಒಂದು ಹಳ್ಳಿಯಲ್ಲಿ ರೇಷ್ಮೆ ಮೊಟ್ಟೆ ಯಾರ ಮನೆಗೇ ಬರಲಿ, ಮರಿಹುಳಕ್ಕೆ ಮೊದಲ ಸೊಪ್ಪು ಹಾಕುವವಳು ಮಾದೇವಮ್ಮ. ಕೂದಲೆಳೆಯಂಥ ಹುಳವನ್ನು ಕೋಳಿಗರಿಯಲ್ಲಿ ಗುಡಿಸಿ, ಚಿಗುರನ್ನು ಸಣ್ಣಗೆ ಹೆಚ್ಚಿ ಉಣಿಸಿ, ಎರಡು ಸಲ ಪೊರೆ ಕಳಚುವವರೆಗೂ ಕಾದು, ಆಮೇಲೆ ಮನೆಯವರಿಗೆ ಒಪ್ಪಿಸುತ್ತಿದ್ದಳು. ಗಂಡ ಸತ್ತ ಮೇಲೆ ಅವಳ ಅನ್ನವೂ ಅದೇ, ಮರ್ಯಾದೆಯೂ ಅದೇ.

೧೯೬೪ರಲ್ಲಿ ಒಂದು ಬೆಳೆ ಪೂರ್ತಿ ಸತ್ತುಹೋಯಿತು. ಗಂಟುರೋಗ. ತಾಯಿಚಿಟ್ಟೆಯಿಂದಲೇ ಮೊಟ್ಟೆಗೆ ಇಳಿಯುವ ರೋಗವದು. ಚಿಟ್ಟೆಯನ್ನು ಅರೆದು ಮೈಕ್ರೋಸ್ಕೋಪಿನಲ್ಲಿ ನೋಡಬೇಕಾದವರು ಮೊಟ್ಟೆ ಕೊಟ್ಟ ಸರ್ಕಾರಿ ಕೇಂದ್ರದವರು. ನೋಡಿರಲಿಲ್ಲ. ಅದೇ ಮೊಟ್ಟೆಯ ಹುಳ ಬೇರೆ ಊರಲ್ಲಿ ಸಾಯುತ್ತಿರುವ ಸುದ್ದಿ, ಊರೂರಿಗೆ ಮೊಟ್ಟೆ ಹಂಚುವ ಮೇಲ್ವಿಚಾರಕನಿಗೆ ಮುಂಚೆಯೇ ಮುಟ್ಟಿತ್ತು. ಬಾಯಿ ಬಿಟ್ಟಿರಲಿಲ್ಲ.

ಇಲಾಖೆಯಿಂದ ವಿಚಾರಣೆಗೆ ಬಂದ ಸಾಹೇಬರು ಚಾವಡಿಯಲ್ಲಿ ಕೂತು ತೀರ್ಮಾನ ಹೇಳಿದರು. ಕೇಂದ್ರದ್ದು ಎರರ್, ಮೇಲ್ವಿಚಾರಕನದು ಮಿಸ್ಟೇಕ್, ಮಾದೇವಮ್ಮನದು ಫಾಲ್ಟ್. ಏನು ವ್ಯತ್ಯಾಸವೆಂದು ಯಾರೋ ಕೇಳಿದ್ದೇ ತಡ, ಪಾಠವೇ ಶುರುವಾಯಿತು. ಎರರ್ ಅಂದರೆ ಕೆಲಸದ ನಡುವೆ ತಾನಾಗಿ ನುಸುಳುವಂಥದ್ದು, ಅದಕ್ಕೆ ಮುಖವಿಲ್ಲ. ಮಿಸ್ಟೇಕ್ ಅಂದರೆ ಒಳ್ಳೆಯವನೂ ಒಂದನ್ನು ಇನ್ನೊಂದೆಂದು ತಿಳಿದು ಎಡವುವುದು. ಫಾಲ್ಟ್ ಮಾತ್ರ ಮಾಡಿದವರ ಮೈಗೇ ಸೇರಿದ್ದು, ಅವರೇ ಹೊರಬೇಕು. ಪದಗಳ ಅರ್ಥ ಸರಿಯಾಗಿಯೇ ಹೇಳಿದರು, ನಾನು ಅಲ್ಲಗಳೆಯುವುದಿಲ್ಲ. ಹಂಚಿದ್ದನ್ನು ನೋಡಿ. ಹಗುರಾದವೆರಡೂ ಕುರ್ಚಿಯಿದ್ದವರಿಗೆ, ಭಾರದ್ದು ನೆಲದ ಮೇಲೆ ಕೂತವಳಿಗೆ.

ಮಾದೇವಮ್ಮ ಕೇಳಿದಳು: “ಉಳ ಸತ್ತುದ್ದು ಒಂದೇ ಸಾವು ಕಣ್ರಿ ಸಾ. ಅದ್ಕೆ ಮೂರು ಎಸ್ರು ಯಾಕೆ?”

ಸಾಹೇಬರ ಬಳಿ ಸಾಕ್ಷಿಯಿತ್ತಂತೆ. ಹುಳ ಸಾಯತೊಡಗಿದ ದಿನ ಅವಳು ಅರಿಸಿನದ ಬಟ್ಟೆಯಲ್ಲಿ ಕಾಸು ಕಟ್ಟಿ ಬೆಟ್ಟದ ಮಾದಪ್ಪನಿಗೆ ತಪ್ಪುಕಾಣಿಕೆ ಎತ್ತಿಟ್ಟಿದ್ದಳು. ತಪ್ಪಿಲ್ಲದವಳು ಯಾಕೆ ಕಟ್ಟುತ್ತಾಳೆ ಎಂದರು. ನಮ್ಮ ಕಡೆ ಹಸು ಹಾಲು ಕೊಡದಿದ್ದರೂ, ಮಗು ಬೆಚ್ಚಿದರೂ ಕಟ್ಟುತ್ತೇವೆ. ಯಾರ ತಪ್ಪೆಂದು ವಿಚಾರಣೆ ನಡೆಸಿ ಕಟ್ಟುವವರು ಯಾರಿದ್ದಾರೆ? ಇಷ್ಟು ತಿಳಿಯದವರು ಈ ಸೀಮೆಗೆ ನ್ಯಾಯ ಹೇಳಲು ಬರುತ್ತಾರೆ.

“ಅದು ಮಾದಪ್ಪಂಗೆ ಕಟ್ಟಿದ್ದು, ನಿಮ್ಗಲ್ಲ,” ಎಂದಳು.

ಚಾವಡಿ ನಕ್ಕಿತು. ಸಾಹೇಬರು ನಗಲಿಲ್ಲ. ಇವಳು ಒಪ್ಪದಿದ್ದರೆ ವಿಚಾರಣೆ ಮುಗಿಯುವ ತನಕ ಇಡೀ ಊರಿಗೆ ಮೊಟ್ಟೆಯಿಲ್ಲ ಎಂದರು. ನಗು ಅಲ್ಲಿಗೆ ನಿಂತಿತು. ಎಲ್ಲರ ತೋಟದಲ್ಲೂ ಹಿಪ್ಪುನೇರಳೆ ಸೊಪ್ಪು ತಿನ್ನುವ ಹುಳವಿಲ್ಲದೆ ಬಲಿಯುತ್ತಿತ್ತು. ಪಕ್ಕದ ಮನೆಯ ಚಿಕ್ಕಬಸಮ್ಮ ಬಂದು ಅವಳ ಕೈ ಹಿಡಿದಳು.

“ಒಂದ್ ಮಾತಲ್ವವ್ವ, ಅಂದ್ಬುಡು. ನೀನು ಎಂಥೋಳು ಅಂತ ನಮ್ಗೆ ಗೊತ್ತಿಲ್ವಾ?”

ಉಳಿದವರೂ ಅದನ್ನೇ ಅಂದರು. ಗಂಡಸರು ನೆಲ ನೋಡಿಕೊಂಡು ಅಂದರು. ಮಾದೇವಮ್ಮ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಆಮೇಲೆ ಸಾಹೇಬರ ಕಡೆ ತಿರುಗಿ, ತಪ್ಪು ತನ್ನದೇ ಎಂದು ಅಂದುಬಿಟ್ಟಳು.

ಮೊಟ್ಟೆ ಬಂತು. ಅವಳು ಕೈಕಾಲು ತೊಳೆದುಕೊಂಡು ಎಂದಿನಂತೆ ಮೊದಲು ಚಿಕ್ಕಬಸಮ್ಮನ ಮನೆಗೆ ಹೋದಳು. ಚಿಕ್ಕಬಸಮ್ಮ ಹೊಸ್ತಿಲಲ್ಲೇ ಅಡ್ಡ ನಿಂತಳು.

“ಬ್ಯಾಡ ಕಣವ್ವ. ನೀನೇ ಒಪ್ಕಂಡ್ಯಲ್ಲ.”

ಬೇರೆ ಮನೆಗಳೂ ಅದನ್ನೇ ಹೇಳಿದವು. ಮಾದೇವಮ್ಮ ಕೊಳ್ಳೇಗಾಲಕ್ಕೆ ಹೋಗಿ, ಗೂಡು ಬೇಯಿಸಿ ನೂಲು ತೆಗೆಯುವವರ ಒಲೆಯ ಮುಂದೆ ಕುದಿನೀರಿಗೆ ಕೈಯಿಟ್ಟುಕೊಂಡು ಬದುಕಿದಳು. ಮೇಲ್ವಿಚಾರಕ ಮಾತ್ರ ಅದೇ ಸೈಕಲ್ಲಿನಲ್ಲಿ ಮೊಟ್ಟೆ ಹಂಚಲು ಬರುತ್ತಿದ್ದ. ಚಿಕ್ಕಬಸಮ್ಮ ಅವನನ್ನು ಒಳಗೆ ಕರೆದು, ಮಣೆ ಹಾಕಿ, ಕಾಫಿ ಕೊಡುತ್ತಿದ್ದಳು.