ಒಣಗಿದ ಬಟ್ಟೆ ಕಂಡರೆ ಹೆದರುವ ಹನಿ ಮೇಸ್ತ್ರಿ

ಬೆಳಗಿನ ಐದೂವರೆ. ಬೀದಿದೀಪ ಇನ್ನೂ ಆರಿಲ್ಲ. ತಗಡಿನ ಶೆಡ್ಡಿನೊಳಗೆ ಬೂದುಬಣ್ಣದ ಹಳೆಯ ಕಾರೊಂದು ನಿಂತಿದೆ. ಅದರ ಮುಂದಿನ ಚಕ್ರಗಳ ನಡುವಿನಿಂದ ಎರಡು ಕಾಲುಗಳು ಹೊರಗೆ ಚಾಚಿಕೊಂಡಿವೆ. ಎಡಗಾಲಿನ ಕಾಲುಚೀಲ ಹಿಮ್ಮಡಿಯ ಹತ್ತಿರ ತೂತಾಗಿದೆ. ಟಾರ್ಚಿನ ಬೆಳಕು ಕಾರಿನಡಿಯಲ್ಲಿ ಅತ್ತಿತ್ತ ಸರಿದು, ಒಂದು ಕಡೆ ನಿಂತು, ಮತ್ತೆ ಸರಿಯುತ್ತದೆ. ಹಿಂದಿನ ಸಂಜೆ ಎಂಜಿನ್ನಿನ ಕೆಳಗೆ ತಾವೇ ಹಾಸಿಟ್ಟು ಹೋಗಿದ್ದ ಬಿಳಿ ಬಟ್ಟೆಯನ್ನು ಆ ಮನುಷ್ಯ ಅಂಗೈಯಿಂದ ಮೂಲೆ ಮೂಲೆಗೂ ತಡವಿ ನೋಡುತ್ತಿದ್ದಾರೆ, ಮಲಗಿದ ಕೂಸನ್ನು ಎಬ್ಬಿಸದೆ ಅದರ ಹಾಸಿಗೆ ಒದ್ದೆಯಾಗಿದೆಯೇ ಎಂದು ತಡವುವ ಹಾಗೆ.

"ಒಂದು ಹನಿಯೂ ಇಲ್ಲ, ಅಲ್ವಾ ಮೇಸ್ತ್ರಿ?" ಶಾಲು ಹೊದ್ದು ಬಾಗಿಲಲ್ಲಿ ನಿಂತಿರುವ, ಮನೆಯೊಡತಿಯ ತಮ್ಮ ಕೇಳುತ್ತಾರೆ. "ನಾನು ಆಗಲೇ ಅಂದೆ. ಕಾರು ಗುಂಡುಕಲ್ಲಿನ ಹಾಗಿದೆ. ಕಾಯಿಲೆ ಇರೋದು ನಮ್ಮಕ್ಕನಿಗೆ, ಅನುಮಾನದ ಕಾಯಿಲೆ."

ಕಾರಿನಡಿಯ ಟಾರ್ಚು ಆರುತ್ತದೆ. ಬಟ್ಟೆ ಒಣಗಿದ್ದರೆ ಬೇರೆಯವರಿಗೆಲ್ಲ ಸಮಾಧಾನ. ಮೇಸ್ತ್ರಿಗೆ ಮಾತ್ರ ಹೆದರಿಕೆ.

"ಹೊರಗೆ ಸೋರಿದ್ರೆ ಪೈಪೋ ಕ್ಲಿಪ್ಪೋ ಏನೋ ಒಂದು ಬದಲಾಯಿಸಿ ಊಟದ ಹೊತ್ತಿಗೆ ಮನೆ ಸೇರ್ಕೋಬಹುದು," ಎನ್ನುತ್ತಾರೆ ತೆವಳಿ ಹೊರಬಂದು, ಮೊಣಕೈ ಒರೆಸಿಕೊಳ್ಳುತ್ತ. "ವಾರಕ್ಕೆ ಎರಡು ಲೋಟ ನೀರು ಕಮ್ಮಿಯಾಗ್ತಿದೆ. ಹೊರಗೆ ಒಂದು ತೊಟ್ಟೂ ಬಿದ್ದಿಲ್ಲ. ಹಾಗಂದ್ರೆ ಎಂಜಿನ್ನೇ ಒಳಗೊಳಗೆ ಕುಡೀತಿದೆ."

ಇವರನ್ನು ಎಲ್ಲರೂ ಕರೆಯುವುದು ಹನಿ ಮೇಸ್ತ್ರಿ ಎಂದೇ. ವಯಸ್ಸು ಐವತ್ತೆಂಟು. ಮೂವತ್ನಾಲ್ಕು ವರ್ಷಗಳಿಂದ ಮಾಡುತ್ತಿರುವುದು ಒಂದೇ ಕೆಲಸ: ಹಳೆಯ ಕಾರುಗಳಿರುವ ಮನೆಗೇ ಹೋಗಿ, ಎಂಜಿನ್ನನ್ನು ತಂಪಾಗಿಡುವ ನೀರು ಎಲ್ಲಿ ಸೋರುತ್ತಿದೆ ಎಂದು ಪತ್ತೆ ಹಚ್ಚುವುದು. ಇಂಥ ಕಾರನ್ನು ಗ್ಯಾರೇಜಿಗೆ ಓಡಿಸಿಕೊಂಡು ಹೋಗುವಂತಿಲ್ಲ, ಅರ್ಧ ದಾರಿಯಲ್ಲೇ ಕುದ್ದುಬಿಡುತ್ತದೆ. ಹೇಗೋ ಹೋದರೂ ಕೈ ಹಾಕುವವರಿಲ್ಲ. "ಅಲ್ಲಿನ ಮೆಕ್ಯಾನಿಕ್‌ಗಳು ಮೊದಲು ಕಂಪ್ಯೂಟರ್ ವೈರು ಎಲ್ಲಿ ಸಿಗಿಸೋದು ಅಂತ ಹುಡುಕ್ತಾರೆ. ಇದರಲ್ಲಿ ಆ ತೂತೇ ಇಲ್ಲ. ಬಾನೆಟ್ ಮುಚ್ಚಿ ಕೈ ಮುಗೀತಾರೆ," ಎನ್ನುತ್ತಾರೆ ಮೇಸ್ತ್ರಿ.

ನಸುಕಿನಲ್ಲೇ ಬರುವುದಕ್ಕೂ ಕಾರಣವಿದೆ. ರಾತ್ರಿಯಿಡೀ ತಣ್ಣಗಾದ ಕಬ್ಬಿಣ ಕುಗ್ಗಿರುತ್ತದೆ. ಕೆಲವು ಸೋರಿಕೆಗಳು ಆಗ ಮಾತ್ರ ಕಣ್ಣಿಗೆ ಬೀಳುತ್ತವೆ. ಬಿಸಿಲೇರಿದರೆ ತಾವೇ ಬಾಯಿ ಮುಚ್ಚಿಕೊಳ್ಳುತ್ತವೆ. ಜೊತೆಗೆ ಬಿಸಿ ಎಂಜಿನ್ನಿನ ಹತ್ತಿರ ಅವಸರ ಮಾಡಬಾರದೆಂಬ ಪಾಠ ಅವರ ಬಲತೋಳಿನ ಮೇಲೆಯೇ ಇದೆ. ಇಪ್ಪತ್ನಾಲ್ಕನೆಯ ವಯಸ್ಸಿನಲ್ಲಿ ಕುದಿಯುತ್ತಿದ್ದ ರೇಡಿಯೇಟರಿನ ಮುಚ್ಚಳ ತಿರುಗಿಸಿದ್ದರು. ಮಣಿಕಟ್ಟಿನಿಂದ ಮೊಣಕೈವರೆಗೆ ಚರ್ಮ ಇಂದಿಗೂ ಹಾಲಿನ ಕೆನೆಯಂತೆ ಸುಕ್ಕುಗಟ್ಟಿದೆ.

ಹಾಸುವ ಬಟ್ಟೆಗಳನ್ನು ಒಗೆಯುವುದು ಅವರ ಹೆಂಡತಿ. ಹಳೆಯ ಮಂಚದ ಹಾಸುಗಳನ್ನು ನಾಲ್ಕು ತುಂಡು ಮಾಡಿ ಅಂಚು ಹೊಲಿದಿಟ್ಟಿದ್ದಾರೆ. ಹಸಿರು ಕಲೆ ಎಂಜಿನ್ನಿನ ನೀರಿಗೆ ಬೆರೆಸುವ ಕೂಲೆಂಟಿನದು, ಕಂದು ಬಣ್ಣದ್ದು ತುಕ್ಕುನೀರಿನದು, ಕಪ್ಪು ಎಣ್ಣೆಯದು. ಯಾವುದೂ ಪೂರ್ತಿ ಹೋಗುವುದಿಲ್ಲ. "ಮಕ್ಕಳು ದೊಡ್ಡವರಾದ್ರು, ಕೆಲಸಕ್ಕೂ ಸೇರಿದ್ರು. ಇವರ ಕಾರುಗಳು ಮಾತ್ರ ಇನ್ನೂ ಉಚ್ಚೆಬಟ್ಟೆ ಬಿಟ್ಟಿಲ್ಲ," ಎಂದು ಆಕೆ ನಗುತ್ತಾರೆ.

ಒಂದು ಕಾಲಕ್ಕೆ ಇಂಥ ನಲವತ್ತು ಕಾರುಗಳು ಮೇಸ್ತ್ರಿಯ ಕೈಯಲ್ಲಿದ್ದವು. ಒಂದೊಂದಾಗಿ ಗುಜರಿ ಸೇರಿದವು. ಈ ಬೆಳಿಗ್ಗೆಗೆ ಉಳಿದಿರುವುದು ಒಂಬತ್ತು.

ಅವುಗಳಲ್ಲಿ ತೀರಾ ಹಳೆಯದು ಈ ಬೂದು ಕಾರು. ಅದರ ಒಡತಿಯನ್ನು ಸುತ್ತಲಿನವರು ನರ್ಸಮ್ಮ ಎನ್ನುತ್ತಾರೆ. ಎಪ್ಪತ್ತೊಂದು ವರ್ಷ. ಆಸ್ಪತ್ರೆಯ ಕೆಲಸದಿಂದ ನಿವೃತ್ತಿಯಾಗಿ ಹದಿಮೂರು ವರ್ಷ ಕಳೆದಿದ್ದರೂ ಬೆಳಿಗ್ಗೆ ಆರಕ್ಕೆ ಕಾರು ತೆಗೆಯುವುದನ್ನು ನಿಲ್ಲಿಸಿಲ್ಲ. ಹಾಸಿಗೆ ಹಿಡಿದ ಇಬ್ಬರ ಮನೆಗೆ ಹೋಗಿ ಬೆನ್ನಿನ ಹುಣ್ಣು ತೊಳೆದು ಪಟ್ಟಿ ಕಟ್ಟಿ ಬರುತ್ತಾರೆ. ಆ ಹೊತ್ತಿಗೆ ಬಸ್ಸಿಲ್ಲ. ಕಾರು ನಿಂತರೆ ಅದೂ ನಿಂತ ಹಾಗೆ. ಎರಡು ದಿನ ಹುಣ್ಣು ತೊಳೆಯದಿದ್ದರೆ ಏನಾಗುತ್ತದೆಂದು ಅವರಿಗಿಂತ ಚೆನ್ನಾಗಿ ಬಲ್ಲವರಿಲ್ಲ.

"ಏನಯ್ಯಾ, ಆ ತಣ್ಣನೆ ನೆಲದ ಮೇಲೆ ಎಷ್ಟೊತ್ತು ಬಿದ್ಕೊಂಡಿರ್ತೀಯ?" ಎನ್ನುತ್ತ ಅವರು ಶೆಡ್ಡಿಗೆ ಬರುತ್ತಾರೆ. "ನಾಳೆ ಸೊಂಟ ಹಿಡ್ಕೊಂಡ್ರೆ ಉಜ್ಜೋಕೆ ನಾನು ಬರಲ್ಲ. ಏನಂತೆ ಇವನಿಗೆ? ಬದುಕ್ತಾನಾ?"

"ನೋಡ್ಬೇಕಮ್ಮ," ಎನ್ನುತ್ತಾರೆ ಮೇಸ್ತ್ರಿ.

"ನಮ್ಮ ಡಾಕ್ಟ್ರುಗಳೂ ಹೀಗೇ ಅಂತಿದ್ರು. ಆಮೇಲೆ ನೋಡೋಕೆ ಏನೂ ಉಳೀತಿರಲಿಲ್ಲ." ಆಕೆ ನಗುತ್ತಲೇ ಒಳಗೆ ಹೋಗುತ್ತಾರೆ. ಇವತ್ತು ಇಬ್ಬರ ಮನೆಗೂ ಬಾಡಿಗೆ ಗಾಡಿ ಹೇಳಿದ್ದಾರೆ. ದಿನಾ ಹೇಳುವಷ್ಟು ಅನುಕೂಲ ಅವರಿಗಿಲ್ಲ.

ಮೇಸ್ತ್ರಿ ರೇಡಿಯೇಟರಿನ ಬಾಯಿಗೆ ಕೈಪಂಪು ಕೂರಿಸಿ ಗಾಳಿ ಒತ್ತುತ್ತಾರೆ. ಪಂಪಿನ ಒತ್ತಡದ ಮೀಟರಿನ ಮುಳ್ಳು ಮೇಲೇರಿ, ಕಣ್ಣೆದುರೇ ಮೆಲ್ಲಗೆ ಇಳಿಯುತ್ತದೆ. ಹೊರಗೆ ಎಲ್ಲೂ ಒದ್ದೆಯಿಲ್ಲ. ನಾಲ್ಕು ಪ್ಲಗ್ ಬಿಚ್ಚಿ ಸಾಲಾಗಿ ಇಡುತ್ತಾರೆ. ಮೂರು ಕಂದುಗಟ್ಟಿವೆ, ಮೂರನೆಯ ಸಿಲಿಂಡರಿನದು ಮಾತ್ರ ತೊಳೆದಿಟ್ಟ ಚಮಚದಂತೆ ಹೊಳೆಯುತ್ತಿದೆ. ನೀರು ಕುಡಿಯುತ್ತಿರುವುದು ಅದೇ. ಇನ್ನುಳಿದ ಪ್ರಶ್ನೆ ಒಂದೇ. ಎಂಜಿನ್ನಿನ ತಲೆಭಾಗಕ್ಕೂ ಬುಡಕ್ಕೂ ನಡುವೆ ಇರುವ ತೆಳು ಹಾಳೆ, ಗ್ಯಾಸ್ಕೆಟ್, ಹೋಗಿದ್ದರೆ ಹೊಸದು ಹಾಕಬಹುದು. ಆ ತಲೆಭಾಗ, ಅಂದರೆ ಹೆಡ್, ಬಿರುಕು ಬಿಟ್ಟಿದ್ದರೆ?

ಹೆಡ್ ಬಿಚ್ಚುವ ಹೊತ್ತಿಗೆ ಮಧ್ಯಾಹ್ನ. ಗ್ಯಾಸ್ಕೆಟ್ ಎಲ್ಲೂ ಹರಿದಿಲ್ಲ. ಹೋದ ವರ್ಷ ಇದೇ ಶೆಡ್ಡಿನಲ್ಲಿ ಅದನ್ನು ಹಾಕಿದ್ದು ಅವರೇ. ಅವರು ಹೆಡ್ಡನ್ನು ಅಂಗಾತ ಇಟ್ಟು, ಸೀಮೆಎಣ್ಣೆ ಸವರಿ, ಒರೆಸಿ, ಅದರ ಮೇಲೆ ಸೀಮೆಸುಣ್ಣದ ಪುಡಿ ಉದುರಿಸುತ್ತಾರೆ. ಬಿರುಕಿದ್ದರೆ ಒಳಗೆ ಇಳಿದ ಎಣ್ಣೆ ಮೇಲೆದ್ದು ಪುಡಿಯನ್ನು ತೋಯಿಸುತ್ತದೆ. ಕುಕ್ಕರುಗಾಲಲ್ಲಿ ಕೂತು ಕಾಯುತ್ತಾರೆ. ಐದು ನಿಮಿಷ, ಹತ್ತು ನಿಮಿಷ. ಮೂರನೆಯ ಸಿಲಿಂಡರಿನ ಎರಡು ವಾಲ್ವುಗಳ ನಡುವೆ, ಬಿಳಿಯ ಮೇಲೆ, ಕೂದಲೆಳೆಯಂಥ ಕಪ್ಪು ಗೆರೆಯೊಂದು ಮೂಡುತ್ತದೆ. ಮೂಡುತ್ತ ಮೂಡುತ್ತ ವಾಲ್ವಿನ ಅಂಚು ದಾಟಿ ನೀರಿನ ದಾರಿಯವರೆಗೂ ಓಡುತ್ತದೆ.

ಆ ಗೆರೆಯ ಮೇಲ್ತುದಿಯನ್ನು ಅವರು ಹೋದ ವರ್ಷವೇ ನೋಡಿದ್ದರು. ಮಸಿಯ ಗೀರು ಎಂದುಕೊಂಡು ಒರೆಸಿದ್ದರು. ಅವತ್ತು ಸೀಮೆಸುಣ್ಣ ಹಾಕಿರಲಿಲ್ಲ.

ಅದಕ್ಕೆ ಕಾರಣ ಏನೆಂದು ಅವರ ಬಾಯಿಂದ ಬರುವುದಿಲ್ಲ. ಆಮೇಲೆ ಹೇಳುವುದು ಅವರ ಹೆಂಡತಿ. "ಆ ವಾರ ನನಗೆ ಹೊಟ್ಟೆ ಆಪರೇಷನ್ ಆಗಿತ್ತು. ಮಗ್ಗುಲು ಬದಲಾಯಿಸೋಕೂ ಇವರೇ ಬೇಕಿತ್ತು. ಅರ್ಧ ಕೆಲಸಕ್ಕೇ ಮನೆಗೆ ಓಡಿ ಬರ್ತಿದ್ರು. ಈ ಕಾರಣ ನರ್ಸಮ್ಮನಿಗೆ ಹೇಳಿ ಅಂದೆ. 'ನನ್ನ ತಪ್ಪು ತಗೊಂಡು ನಿನ್ನ ಹೊಟ್ಟೆ ಮೇಲೆ ಹಾಕ್ಲಾ' ಅಂದ್ರು."

ಮೇಸ್ತ್ರಿ ಮೂವರು ಗುಜರಿಯವರಿಗೆ ಫೋನು ಮಾಡುತ್ತಾರೆ. ಆ ಮಾದರಿಯ ಹೆಡ್ ಕಂಡು ಎಷ್ಟೋ ವರ್ಷವಾಯಿತೆಂಬ ಉತ್ತರ ಮೂರು ಕಡೆಯಿಂದಲೂ. ಬಿರುಕು ಬಿಟ್ಟ ಲೋಹವನ್ನು ಹೊಲಿದು ಕೊಡುವ ಲೇತ್ ಅಂಗಡಿಯವರಿಗೆ ಬಿರುಕಿನ ಉದ್ದ ಹೇಳಿದರೆ ಅವರು ಮಾತು ಮುಗಿಯುವ ಮೊದಲೇ ಬೇಡ ಎನ್ನುತ್ತಾರೆ.

ಕಪ್ಪು ಗೆರೆ ನೋಡಿ, ಹೋದ ವರ್ಷ ಒರೆಸಿದ್ದನ್ನೂ ಕೇಳಿ ತಿಳಿದ ನರ್ಸಮ್ಮನ ತಮ್ಮ ಈಗ ತಮಾಷೆ ಬಿಟ್ಟಿದ್ದಾರೆ. ಅಕ್ಕ ಹಿಂದಿನ ಕೋಣೆಯಲ್ಲಿ ಪಟ್ಟಿಬಟ್ಟೆ ಕತ್ತರಿಸುತ್ತಿದ್ದಾಳೆ ಎಂದು ಖಚಿತಪಡಿಸಿಕೊಂಡು ಹತ್ತಿರ ಬಂದು ಕೂರುತ್ತಾರೆ.

"ಸೋರೋದು ನಿಲ್ಲಿಸೋ ಪುಡಿ ಸಿಗುತ್ತಂತಲ್ಲ ಮೇಸ್ತ್ರಿ. ನೀರಿಗೆ ಹಾಕಿದ್ರೆ ತಾನೇ ಮುಚ್ಕೊಳ್ಳುತ್ತಂತೆ."

"ಮುಚ್ಕೊಳ್ಳುತ್ತೆ. ಎರಡು ತಿಂಗಳು ಓಡುತ್ತೆ."

"ಓಡ್ಲಿ ಬಿಡಿ. ಎರಡು ತಿಂಗಳಾದ್ರೂ ಖುಷಿಯಾಗಿರ್ತಾಳೆ. ಹೋದ ವರ್ಷದ್ದೂ ಇವತ್ತಿಂದೂ ಯಾರು ಕೇಳ್ತಾರೆ? ನಿಮ್ಮ ಹೆಸರೂ ಉಳಿಯುತ್ತೆ."

ಮೇಸ್ತ್ರಿ ಕೈಯಲ್ಲಿದ್ದ ಸ್ಪ್ಯಾನರನ್ನು ಒರೆಸುತ್ತಲೇ ಇರುತ್ತಾರೆ. ಅದರಲ್ಲಿ ಒರೆಸುವುದಕ್ಕೆ ಏನೂ ಉಳಿದಿಲ್ಲ. "ಪುಡಿ ರೇಡಿಯೇಟರಿನ ಸಣ್ಣ ದಾರಿಗಳನ್ನೂ ಮುಚ್ಚುತ್ತೆ ಸಾರ್. ಆಮೇಲೆ ಒಂದು ಬೆಳಿಗ್ಗೆ, ಮನೆಯೊಂದೂ ಇಲ್ಲದ ರಸ್ತೇಲಿ ಕಾರು ಕುದ್ದು ನಿಲ್ಲುತ್ತೆ. ಅಮ್ಮ ಚೀಲ ಹಿಡ್ಕೊಂಡು ಪಕ್ಕದಲ್ಲಿ ನಿಂತಿರ್ತಾರೆ. ನನ್ನ ಹೆಸರು ಆಗ ನೆನಪಾಗುತ್ತೆ."

ನರ್ಸಮ್ಮನನ್ನು ಶೆಡ್ಡಿಗೆ ಕರೆದು ಅವರು ಗೆರೆ ತೋರಿಸುತ್ತಾರೆ. ಹೆಡ್ ಹೋಗಿದೆ, ಬೇರೆ ಸಿಗುವುದಿಲ್ಲ ಎನ್ನುತ್ತಾರೆ. ಆಕೆ ಕನ್ನಡಕ ಸರಿಪಡಿಸಿಕೊಂಡು ಬಗ್ಗಿ ನೋಡುತ್ತಾರೆ, ಗಾಯ ನೋಡುವವರ ಹಾಗೆ, ಮುಟ್ಟದೆ.

"ಯಾವಾಗಿಂದ ಇದೆ ಇದು?"

"ಹೋದ ವರ್ಷ ನಾನು ಬಿಚ್ಚಿದಾಗಲೇ ಇತ್ತಮ್ಮ. ಸಣ್ಣದಿತ್ತು. ಮಸಿ ಅಂದ್ಕೊಂಡು ಒರೆಸಿಬಿಟ್ಟೆ. ಮಾಡಬೇಕಾದ ಪರೀಕ್ಷೆ ಮಾಡಲಿಲ್ಲ."

"ಆಗ ಗೊತ್ತಾಗಿದ್ರೆ?"

"ಲೇತ್ ಅಂಗಡೀಲಿ ಬಿರುಕು ಹೊಲಿಸಬಹುದಿತ್ತು. ಉಳೀತಿತ್ತು."

ಹೊರಗೆ ಯಾರದೋ ಮನೆಯ ಮಿಕ್ಸಿ ಗಿರ್ರೆಂದು ತಿರುಗಿ ನಿಲ್ಲುತ್ತದೆ. ನರ್ಸಮ್ಮ ಸೆರಗಿನಿಂದ ಕನ್ನಡಕ ಒರೆಸಿಕೊಳ್ಳುತ್ತಾರೆ. "ಸರಿ ಮೇಸ್ತ್ರಿ. ಹೇಳಿದ್ರಲ್ಲ, ಒಳ್ಳೇದಾಯ್ತು. ಕೈ ತೊಳ್ಕೊಂಡು ಬನ್ನಿ, ಕಾಫಿ ಇಡ್ತೀನಿ," ಎಂದು ಒಳಗೆ ಹೋಗುತ್ತಾರೆ.

ಮೇಸ್ತ್ರಿ ಕಾಫಿಗೆ ಹೋಗುವುದಿಲ್ಲ. ಮತ್ತೆಂದೂ ಓಡದ ಎಂಜಿನ್ನಿನ ಮೇಲೆ ಒಡೆದ ಹೆಡ್ಡನ್ನು ಮತ್ತೆ ಕೂರಿಸುತ್ತಾರೆ. ಒಂದೊಂದೇ ಬೋಲ್ಟನ್ನು ಕ್ರಮ ತಪ್ಪದೆ, ಬೇಕಾದಷ್ಟೇ ಬಿಗಿಯುತ್ತಾರೆ. ಕಾಫಿ ಲೋಟವನ್ನು ನರ್ಸಮ್ಮನ ತಮ್ಮನೇ ತಂದು ಪಕ್ಕದಲ್ಲಿಟ್ಟು, ಇದೆಲ್ಲ ಇನ್ಯಾಕೆ ಎನ್ನುತ್ತಾರೆ. "ಬಿಚ್ಚಿ ಹಾಕಿ ಎದ್ದು ಹೋಗೋಕಾಗಲ್ಲ ಸಾರ್."

ಈಗ ಇದಕ್ಕೆ ಮೂರು ವಾರ. ಹೋದ ವರ್ಷ ಹೆಂಡತಿಯ ಆಪರೇಷನ್ನಿನ ವಾರವೇ ಅವರು ಇನ್ನೊಂದು ಕಾರಿನ ಹೆಡ್ ಬಿಚ್ಚಿದ್ದರು. ಅದರ ಮನೆಗೆ ಕರೆಯದೆಯೇ ಹೋಗಿ, ಒಡೆಯರನ್ನು ಒಪ್ಪಿಸಿ, ಮತ್ತೆ ಬಿಚ್ಚಿ ನೋಡಿ ಬಂದಿದ್ದಾರೆ. ಗೆರೆಯಿಲ್ಲ. "ಆದ್ರೂ ನಿದ್ದೆ ಬರಲ್ಲ ಇವರಿಗೆ," ಎನ್ನುತ್ತಾರೆ ಹೆಂಡತಿ. ಲೆಕ್ಕದಲ್ಲಿ ಈಗ ಎಂಟು ಕಾರುಗಳಿವೆ.

ದಿನಾ ಬೆಳಿಗ್ಗೆ ಆರಕ್ಕೆ ಮೇಸ್ತ್ರಿಯ ಸ್ಕೂಟರು ನರ್ಸಮ್ಮನ ಗೇಟಿನ ಮುಂದೆ ನಿಲ್ಲುತ್ತದೆ. ಮೊದಲ ದಿನ ಬೇಡವೆಂದಿದ್ದ ಆಕೆ ಎರಡನೆಯ ದಿನ ಹತ್ತಿದರು, ಹುಣ್ಣು ಕಾಯುವುದಿಲ್ಲ. ಚೀಲವನ್ನು ಒಂದು ಕೈಯಿಂದ ತೊಡೆಯ ಮೇಲಿಟ್ಟುಕೊಂಡು, ಇನ್ನೊಂದು ಕೈಯಿಂದ ಸೀಟಿನ ಹಿಡಿ ಹಿಡಿದುಕೊಂಡು ಕೂರುತ್ತಾರೆ. ಎರಡು ಮನೆ, ತಲಾ ಮುಕ್ಕಾಲು ಗಂಟೆ. ಮೇಸ್ತ್ರಿ ಹೊರಗೆ ಕಾಯುತ್ತಾರೆ. ಕಾಯುವುದು ಅವರಿಗೆ ಹೊಸದಲ್ಲ. ವಾಪಸು ಇಳಿಯುವಾಗ ಆಕೆ ತಪ್ಪದೆ "ನಿಮಗೆ ದಿನಾ ತೊಂದ್ರೆ" ಎನ್ನುತ್ತಾರೆ. ಏನಯ್ಯಾ ಎಂಬ ಮಾತು ಆ ಮಧ್ಯಾಹ್ನದ ನಂತರ ಅವರ ಬಾಯಿಂದ ಬಂದಿಲ್ಲ.

ಇದನ್ನು ಎಷ್ಟು ದಿನ ಮಾಡುತ್ತೀರಿ ಎಂದರೆ ಮೇಸ್ತ್ರಿ ಸ್ಕೂಟರಿನ ಹ್ಯಾಂಡಲನ್ನು ಒರೆಸುತ್ತ ಹೇಳುತ್ತಾರೆ.

"ಸ್ಕೂಟರ್ ಓಡೋವರೆಗೂ ಮಾಡ್ತೀನಿ, ಅದೇನು ದೊಡ್ಡದಲ್ಲ. ಒಂದೇ ಒಂದು ಆಸೆ ಇದೆ ನನಗೆ. ಒಂದು ದಿನ ಹಿಂದೆ ಕೂತ್ಕೊಂಡು ಆಯಮ್ಮ ಮನಸ್ಸಿಗೆ ಬಂದಷ್ಟು ಬೈದುಬಿಡ್ಲಿ. ಸ್ಕೂಟರ್ ನಿಲ್ಲಿಸಿ, ಪೂರ್ತಿ ಕೇಳಿಸ್ಕೋತೀನಿ."