ಡ್ರಿಲ್ಲಿಗೊಂದು ತಾಳ ಹುಡುಕಿದ್ದು

೧೯೫೨ ಇರಬೇಕು, ಐವತ್ಮೂರೂ ಇರಬಹುದು. ಸಂಸ್ಥಾನ ಹೋಗಿ ಮುಂಬಯಿ ರಾಜ್ಯ ಬಂದಿತ್ತು. ನಾನು ಜಮಖಂಡಿಯ ಒಂದು ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ತರನಾಗಿದ್ದೆ. ಆ ವರ್ಷದ ಪ್ರಸಂಗವನ್ನು ನನ್ನ ಹಳೆಯ ವಿದ್ಯಾರ್ಥಿಗಳು ಹೇಳುವ ರೀತಿ ಬೇರೆ. ಅವರ ಕತೆಯಲ್ಲಿ ಶಾಲೆಯ ತಪಾಸಣೆಗೆ ಬಂದ ಇನ್ಸ್‌ಪೆಕ್ಟರ್ ಸಾಹೇಬರು ಎದ್ದು ನಿಂತು ಚಪ್ಪಾಳೆ ಹೊಡೆಯುತ್ತಾರೆ. ಹೊಡೆಯಲಿಲ್ಲ. ನನ್ನ ನೆನಪನ್ನೂ ನಾನು ಪೂರ್ತಿ ನಂಬುವುದಿಲ್ಲ. ಅಂದಿನ ಸಿಟ್ಟೊಂದು ಮಾತ್ರ ಕೆಡದೆ ಉಳಿದಿದೆ. ಅದನ್ನೇ ಹಿಡಿದು ಬರೆಯುತ್ತೇನೆ.

ವಾರಕ್ಕೆ ಎರಡು ತಾಸು ಡ್ರಿಲ್. ಹೆಡ್‌ಮಾಸ್ತರ ದೇಶಪಾಂಡೆಯವರು ಗಣಿತದವರು. ಆ ಎರಡು ತಾಸಿನ ಮೇಲೆ ಅವರ ಕಣ್ಣಿತ್ತು.

"ಮಾಸ್ತರ, ನಿಮ್ಮ ಹುಡುಗ್ರು ಕೈ ಎತ್ತಿದ್ರ ಒಣಗಾಕ ಹಾಕಿದ ಅರಿವಿ ಹಂಗ ಕಾಣತಾವ. ಇನ್ಸ್‌ಪೆಕ್ಟರ್ ಮುಂದೂ ಹಿಂಗ ಆದ್ರ ಆ ತಾಸು ನಂಗ ಬಿಟ್ಟಕೊಡ್ರಿ."

ಮಾತು ಖಾರವಾಗಿದ್ದರೂ ಸುಳ್ಳಾಗಿರಲಿಲ್ಲ. ಮಾಸ್ ಡ್ರಿಲ್ ಎಂದರೆ ಇಡೀ ಶಾಲೆ ಸಾಲುಸಾಲಾಗಿ ನಿಂತು ಒಂದೇ ಎಣಿಕೆಗೆ ಕೈಕಾಲು ಆಡಿಸುವುದು. ನಾನೊಬ್ಬನೇ "ಏಕ್, ದೋನ್" ಎಂದು ಗಂಟಲು ಹರಿದುಕೊಂಡರೆ ಹಿಂದಿನ ಸಾಲಿಗೆ ಹುರುಪು ತಲುಪುತ್ತಿರಲಿಲ್ಲ. ಸಂಗೀತ ಬೇಕಿತ್ತು.

ಬನಹಟ್ಟಿಯ ನೂಲಿನ ವ್ಯಾಪಾರಿಯೊಬ್ಬರು ಗ್ರಾಮಾಫೋನು ಕೊಟ್ಟರು. ಮೊದಲು ಹಾಕಿದ್ದು ನಾಟಕದ ಹಾಡಿನ ಪ್ಲೇಟು. ಗಾಯಕ ಆಲಾಪಕ್ಕೆ ಹತ್ತಿದವನು ಇಳಿಯಲೇ ಇಲ್ಲ. ಮೇಲೆತ್ತಿದ ಕೈಗಳನ್ನು ಎಲ್ಲಿ ಇಳಿಸಬೇಕೆಂದು ತಿಳಿಯದೆ ಹುಡುಗರು ನನ್ನ ಮುಖ ನೋಡಿದರು. ಭಜನೆ ಹಾಕಿದೆ, ಮುಂದಿನ ಸಾಲಿನವರು ಕೈಮುಗಿದು ಕಣ್ಣು ಮುಚ್ಚಿದರು. ಬ್ಯಾಂಡಿನ ಮಾರ್ಚ್ ಚೆನ್ನಾಗಿಯೇ ಹೊರಟಿತು, ನಡುವೆ ಸ್ಪ್ರಿಂಗು ಸಡಿಲಾಗಿ ಕುಸಿಯಿತು. ಅದರ ಜೊತೆ ಮೊಣಕಾಲುಗಳೂ ಕುಸಿದವು. ಕೀಲಿ ತಿರುವಿದರೆ ಮುಳ್ಳು ಜಿಗಿಯುತ್ತಿತ್ತು. ಪ್ಲೇಟುಗಳ ಕ್ರಮ ಹೀಗೇ ಇತ್ತೋ ಇಲ್ಲವೋ, ಯಾವುದೂ ಉಪಯೋಗಕ್ಕೆ ಬರಲಿಲ್ಲ ಎಂಬುದಂತೂ ನಿಜ.

ಕೊನೆಗೆ ಸಿದ್ದಪ್ಪನನ್ನು ಕರೆಸಿದೆ. ಬೀರೇಶ್ವರನ ಗುಡಿಯ ಡೊಳ್ಳಿನ ಮೇಳದ ಮುಖ್ಯಸ್ಥ. ಅವನ ಮಗ ನಮ್ಮ ಶಾಲೆಯಲ್ಲೇ ಓದುತ್ತಿದ್ದ. ಒಂದೇ ಡೊಳ್ಳು ತಂದು ಸಾದಾ ಬಡಿತ ಬಾರಿಸಿದ. ಕೈಗಳು ಸಿಡಿದಂತೆ ಮೇಲೆದ್ದವು, ಸಾಲುಗಳು ನೆಟ್ಟಗಿದ್ದವು.

"ಛಲೋ ಆತು ಸಿದ್ದಪ್ಪ. ಸಾಹೇಬ್ರು ಬಂದ ದಿನ ಪೂರಾ ಬಾರಸ್ರಿ," ಎಂದೆ.

"ಪೂರಾ ಅಂದ್ರ ಪೂರಾ ಏನ್ರಿ?"

"ಹೌದ್ರಿ, ಪೂರಾ."

ಜೋರಾಗಿ ಎಂಬುದು ನನ್ನ ಅರ್ಥ. ಅವನಿಗೆ ಆ ಮಾತಿನ ಅರ್ಥ ವಾಲಗ. ನಮ್ಮ ಧಾರವಾಡದ ಕಡೆ ವಾಲಗವೆಂದರೆ ಸನಾದಿ ಊದುವುದು. ಇವರಿಗೆ ಅದು ಇಡೀ ಮೇಳ ಸುತ್ತುಗಟ್ಟಿ ದೇವರ ಮುಂದೆ ಡೊಳ್ಳು ಬಾರಿಸುತ್ತ ಕುಣಿಯುವುದು.

ಇನ್ಸ್‌ಪೆಕ್ಟರ್ ಬಂದ ದಿನ ಸಿದ್ದಪ್ಪ ಹೆಗಲಿಗೆ ಕಂಬಳಿ ಹಾಕಿಕೊಂಡು ಇಡೀ ಮೇಳದೊಡನೆ ಬಂದ. ಆರಂಭದ ಕವಾಯತು ಸಾಲಿನಲ್ಲೇ ನಡೆಯಿತು. ಆಮೇಲೆ ಬಡಿತ ಬದಲಾಯಿತು. ಮೇಳದವರ ಮನೆತನಗಳ ಹುಡುಗರು ನಡೆಯಲು ಕಲಿಯುವ ಮೊದಲೇ ತಂದೆಯ ಹೆಗಲ ಮೇಲೆ ಆ ಸುತ್ತು ಸುತ್ತಿದವರು. ಅವರು ಎಡಕ್ಕೆ ತಿರುಗಿದರು. ನೇಕಾರರ ಮಕ್ಕಳು, ವಕೀಲರ ಮಕ್ಕಳು ತುಳಿತಕ್ಕೆ ಸಿಕ್ಕಬಾರದೆಂದು ಅವರ ಹಿಂದೆಯೇ ಓಡಿದರು. ಓಡುತ್ತ ಓಡುತ್ತ ಅವರಿಗೂ ಹೆಜ್ಜೆ ಸಿಕ್ಕಿತು. ಸಾಲುಗಳು ಕರಗಿ ಮೈದಾನದ ತುಂಬ ಒಂದೇ ಚಕ್ರ. "ಸಾವಧಾನ್" ಎಂದು ಕೂಗಿದೆ. ನನಗೇ ಕೇಳಿಸಲಿಲ್ಲ.

ಸಿದ್ದಪ್ಪನ ಬಳಿಗೆ ಓಡಿ ನಿಲ್ಲಿಸೆಂದೆ. ಅವನು ಕೈ ತಡೆಯದೆ ಹೇಳಿದ: "ನಡುವ ನಿಲ್ಲಸಾಕ ಬರೂದಿಲ್ರಿ. ಪೂರಾ ಅಂತ ನೀವ ಅಂದೀರಿ. ದೇವರ ಕೆಲಸ ಇದು, ಇಸ್ಪೀಟ ಆಟೇನ?"

ಮುಗಿದಾಗ ಹುಡುಗರು ಬೆವರಿ ಹೊಳೆಯುತ್ತಿದ್ದರು. ನಾನು ಇನ್ಸ್‌ಪೆಕ್ಟರರ ಮುಂದೆ ನಿಂತು, "ನೋಡ್ರಿ ಸಾಹೇಬ್ರ, ಬ್ಯಾಸತ್ತವರು ಒಬ್ಬರೂ ಇಲ್ಲ," ಎಂದೆ.

"ಒಪ್ಪಿದೆ," ಎಂದರು. "ಸಾಲಿನಾಗೂ ಒಬ್ಬರೂ ಇಲ್ಲ. ಆರ್ಡರ್ ಕೊಟ್ಟವರು ಯಾರ್ರಿ?"

ದೇಶಪಾಂಡೆಯವರು ಕಾಯುತ್ತಿದ್ದುದು ಇದನ್ನೇ. "ಅವು ತಾವ ಕುಣಿತಾವಂದ ಮ್ಯಾಲೆ ಮಾಸ್ತರ ಯಾಕ ಬೇಕ್ರಿ, ಸಾಹೇಬ್ರ?"

ಒಂದು ತಾಸು ಗಣಿತಕ್ಕೆ ಹೋಯಿತು. ಇನ್ನೊಂದು ಉಳಿದದ್ದು ನನ್ನ ವಾದದಿಂದ ಎಂದು ಹೇಳಿಕೊಳ್ಳಬಹುದು; ನಿಜವೆಂದರೆ ಊಟವಾದ ಮೇಲಿನ ಆ ತಾಸು ಬೇರೆ ಯಾರಿಗೂ ಬೇಡವಾಗಿತ್ತು.

ಆಮೇಲೆ ಮುಧೋಳ, ಬೀಳಗಿಗಳಲ್ಲೂ ಡ್ರಿಲ್ ಕಲಿಸಿದೆ. ಈ ಕೆಲಸ ಕಲಿಸಿದ್ದು ಇಷ್ಟು: ಮೈಗೆ ಹುರುಪು ತರುವ ತಾಳ ಒಂಟಿಯಾಗಿ ಬರುವುದಿಲ್ಲ. ತನ್ನ ಜನ, ತನ್ನ ಆಕಾರ, ತಾನು ಯಾವಾಗ ಮುಗಿಯಬೇಕೆಂಬ ಹಟ, ಎಲ್ಲವನ್ನೂ ಕರೆತರುತ್ತದೆ. ಅದು ಬೇಡವೆನ್ನುವವನು ಬಾಯಲ್ಲೇ ಎಣಿಸಿಕೊಂಡಿರಬೇಕು. ಜಮಖಂಡಿಯಲ್ಲಿ ನನ್ನ ತಾಸು ಗಣಿತಕ್ಕೆ ಹೋದ ಮೊದಲ ವಾರವೇ ದೇಶಪಾಂಡೆಯವರು ಸ್ಟಾಫ್ ರೂಮಿಗೆ ಬಂದು ಸೀಮೆಸುಣ್ಣ ಮೇಜಿನ ಮೇಲೆ ಎಸೆದರು.

"ಬೆಂಚಿನ ಬುಡಕ ಕಾಲು ಬಡ್ಯಾಕತ್ತಾರ್ರಿ ಮಾಸ್ತರ. ಎಲ್ಲಾರೂ. ಒಂದ ತಾಳಕ್ಕ."